31 ಬೈಟಿನ ಕೂಗು

'ಹೌದು ಹುಲಿಯಾ' ಎಂದು ಫೋನಿನಲ್ಲಿ ಕನ್ನಡದಲ್ಲೇ ಬರೆದರೆ ಅದು ಹಿಡಿಯುವ ಜಾಗ 31 ಬೈಟ್. ಯೂನಿಕೋಡ್ ಬರಹವನ್ನು ಫೋನು ಕಳಿಸುವಾಗ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಗುರುತಿಗೂ ಮೂರು ಮೂರು ಬೈಟ್ ಬೇಕು. ಹ, ಔತ್ವ, ದ, ಕೊಂಬು. ಮತ್ತೆ ಹ, ಕೊಂಬು, ಲ, ಗುಡಿಸು, ಯ, ಇಳಿ. ಒಟ್ಟು ಹತ್ತು ಗುರುತು, ಮೂವತ್ತು ಬೈಟ್. ನಡುವಿನ ಖಾಲಿ ಜಾಗಕ್ಕೆ ಇನ್ನೊಂದು.

2011ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿ ಎಂದು ಬರೆಸಿದವರು 4,37,06,512 ಮಂದಿ. ಅವರಲ್ಲಿ ಒಬ್ಬೊಬ್ಬರಿಗೂ ಈ ಎರಡು ಪದ ಕಳಿಸಿದರೆ ಬರೀ ಅಕ್ಷರಗಳ ಮೊತ್ತ ಸುಮಾರು 135 ಕೋಟಿ ಬೈಟ್, ಅಂದರೆ 1.35 ಜಿಬಿ. 2019ರಲ್ಲಿ ಬಾದಾಮಿಯ ಹುಡುಗನೊಬ್ಬ ರೀಚಾರ್ಜ್ ಮಾಡಿಸಿದರೆ ದಿನಕ್ಕೆ ಸಿಗುತ್ತಿದ್ದುದು 1.5 ಜಿಬಿ. ಅವನ ಒಂದು ದಿನದ ಡೇಟಾದಲ್ಲಿ ಕನ್ನಡಿಗರಷ್ಟೂ ಮಂದಿಗೆ ಈ ಮಾತು ಮುಟ್ಟಿಸಿ, ಮೇಲೆ ಒಂದೆರಡು ಹಾಡು ಕೇಳುವಷ್ಟು ಉಳಿಯುತ್ತಿತ್ತು. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಹಾಕಿ ನೋಡಿದಾಗ ನನಗೆ ನಂಬಿಕೆ ಬರಲಿಲ್ಲ. ಎರಡನೇ ಸಲ ಗುಣಿಸಿದರೂ ಉತ್ತರ ಅದೇ ಬಂತು.

ಆ ಮಾತು ಹುಟ್ಟಿದ್ದು 2019ರ ಉಪಚುನಾವಣೆಯ ಪ್ರಚಾರದಲ್ಲಿ, ಬೆಳಗಾವಿ ಜಿಲ್ಲೆಯ ಕಾಗವಾಡ ಕ್ಷೇತ್ರದಲ್ಲಿ. ವೇದಿಕೆಯ ಮೇಲೆ ಸಿದ್ದರಾಮಯ್ಯ ಮಾತಾಡುತ್ತಿದ್ದರು. ಆಗ ಅವರು ವಿರೋಧ ಪಕ್ಷದ ನಾಯಕ, ನಮ್ಮ ಬಾದಾಮಿಯ ಶಾಸಕ. ಮಾತು ಇಂದಿರಾ ಗಾಂಧಿಯವರ ತ್ಯಾಗದ ಸುದ್ದಿಗೆ ಬಂದಿತ್ತು. ಅವರು ಒಂದು ಮಾತು ಮುಗಿಸಿ ಇನ್ನೊಂದು ಶುರು ಮಾಡುವುದರೊಳಗೆ, ಕೆಳಗಿದ್ದ ಮಂದಿಯ ನಡುವಿನಿಂದ ಒಬ್ಬರು ಮನಸ್ಸು ತುಂಬಿ ಕೂಗಿದರು: 'ಹೌದು ಹುಲಿಯಾ!' ಹೆಚ್ಚೆಂದರೆ ಒಂದು ಸೆಕೆಂಡಿನ ಮಾತು. ಕೂಗಿದವರು ಊರ ಕಡೆಯ ಒಬ್ಬ ಸಾಮಾನ್ಯ ಮನುಷ್ಯ. ಮುಂದೆ ಟಿವಿಯವರು ಅವರನ್ನು ಹುಡುಕಿಕೊಂಡು ಹೋದರು. ನನಗಿಲ್ಲಿ ಅವರ ಹೆಸರಿಗಿಂತ ಅವರ ಕೂಗು ಮುಖ್ಯ.

ಕಾಗವಾಡದಿಂದ ಬಾದಾಮಿಗೆ ನೇರ ಗೆರೆ ಎಳೆದರೆ ಸುಮಾರು 130 ಕಿಲೋಮೀಟರ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಆ ಕೂಗು ಎಲ್ಲೂ ಕರಗದೆ ಬೈಲು, ಗುಡ್ಡ, ಕಬ್ಬಿನ ಹೊಲ ದಾಟಿ ಬಂದಿದ್ದರೆ ಬಾದಾಮಿಯ ಬಂಡೆಗೆ ಬಡಿಯಲು ಆರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿತ್ತು. ಮನುಷ್ಯನ ದನಿ ಕೆಲವು ನೂರು ಮೀಟರ್ ದಾಟುವುದರಲ್ಲೇ ಸೋಲುತ್ತದೆ ಎಂಬುದು ಬೇರೆ ಮಾತು. ಅದೇ ಕೂಗು ಫೋನಿನಲ್ಲಿ ಸೆರೆಯಾಗಿ ಗಾಜಿನ ಎಳೆಯೊಳಗೆ ಬೆಳಕಾಗಿ ಹೊರಟರೆ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಆಗ 130 ಕಿಲೋಮೀಟರಿಗೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. ವೇದಿಕೆಯ ಮುಂದೆ ಕೂತವರ ಕಿವಿಗೆ ಬೀಳುವ ಮೊದಲೇ ಬಾದಾಮಿ ಮುಟ್ಟಬಲ್ಲ ವೇಗ ಅದು.

ಆದರೆ ವೇಗ ಇದ್ದ ಮಾತ್ರಕ್ಕೆ ಮಾತು ಹಬ್ಬುವುದಿಲ್ಲ. ಹಬ್ಬಲು ಕೈಗಳು ಬೇಕು. ಒಬ್ಬರ ಕೈಯಿಂದ ಎಷ್ಟು ಕೈಗೆ ಹೋಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

2018ರ ಜುಲೈನಲ್ಲಿ ವಾಟ್ಸಾಪ್ ಭಾರತದವರಿಗಾಗಿ ಒಂದು ಕಟ್ಟು ಹಾಕಿತು: ಬಂದ ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ನಂಬಿ ಜನ ಅಮಾಯಕರನ್ನು ಹೊಡೆದು ಕೊಂದ ತಿಂಗಳುಗಳವು. ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಅದೇ ಜುಲೈನಲ್ಲಿ ಒಂದು ಜೀವ ಹೋಯಿತು. ಐದೇ ಎಂದರೆ ತೀರ ಕಡಿಮೆ ಅನ್ನಿಸುತ್ತದೆ. ಹಾಗಾದರೆ ಐದರ ಲೆಕ್ಕವನ್ನೇ ಹಿಡಿದು ಹೋಗೋಣ.

ಒಬ್ಬ ಐವರಿಗೆ ಕಳಿಸಿದ. ಆ ಐವರು ತಲಾ ಐವರಿಗೆ ಕಳಿಸಿದರು, 25. ಮೂರನೇ ಸಲಕ್ಕೆ 125, ನಾಲ್ಕನೇ ಸಲಕ್ಕೆ 625, ಐದಕ್ಕೆ 3,125. ಆರನೇ ಸಲ 15,625: ಹುನಗುಂದ ಪಟ್ಟಣದ ಹತ್ತಿರ ಹತ್ತಿರ ಬಂದೆವು. ಏಳನೇ ಸಲ 78,125: 60 ಸಾವಿರದಷ್ಟು ಮಂದಿಯ ಇಳಕಲ್ ದಾಟಿತು. ಎಂಟನೇ ಸಲ 3,90,625. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ನಾಲ್ಕೂ ಪಟ್ಟಣ ಕೂಡಿಸಿದರೂ ಅಷ್ಟು ಮಂದಿಯಿಲ್ಲ. ಒಂಬತ್ತನೇ ಸಲ 19,53,125. 2011ರ ಜನಗಣತಿಯ ಪ್ರಕಾರ ಬಾಗಲಕೋಟೆ ಜಿಲ್ಲೆಯ ಒಟ್ಟು ಜನಸಂಖ್ಯೆ 18,89,752. ಒಂಬತ್ತು ಕೈ ದಾಟುವುದರೊಳಗೆ ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜನವರೆಗೆ ಇಡೀ ಜಿಲ್ಲೆ ಮುಗಿಯಿತು.

ಇನ್ನೆರಡು ಸಲ ಮುಂದೆ ಹೋಗಿ. ಹನ್ನೊಂದನೇ ಸಲಕ್ಕೆ 4,88,28,125. ಕನ್ನಡ ತಾಯ್ನುಡಿಯವರೆಲ್ಲ ಅದರೊಳಗೆ ಬಂದರು. ಹದಿಮೂರನೇ ಸಲಕ್ಕೆ 1,22,07,03,125. 2011ರಲ್ಲಿ ಭಾರತದ ಜನಸಂಖ್ಯೆ 121 ಕೋಟಿ. ಐದರ ಗುಣಾಕಾರ ನಮ್ಮ ಜಿಲ್ಲೆಯ ಹತ್ತಿರ, ನಮ್ಮ ನುಡಿಯ ಹತ್ತಿರ, ನಮ್ಮ ದೇಶದ ಹತ್ತಿರ ಇಷ್ಟು ಸರಿಯಾಗಿ ಬಂದು ನಿಲ್ಲುತ್ತದೆಂದು ನಾನು ಎಣಿಸಿರಲಿಲ್ಲ. ಒಂದೊಂದು ಕೈ ದಾಟಲು ಹತ್ತು ನಿಮಿಷ ಹಿಡಿಯಿತು ಅಂತಿಟ್ಟುಕೊಂಡರೂ ಹದಿಮೂರು ಸಲಕ್ಕೆ 130 ನಿಮಿಷ. ಬಾಗಲಕೋಟೆಯಿಂದ ಬಸ್ಸು ಹತ್ತಿದವರು ಹುಬ್ಬಳ್ಳಿ ಮುಟ್ಟುವುದರೊಳಗೆ ದೇಶ ಮುಗಿದಿರುತ್ತದೆ.

ಮೇಲಿನದು ಒಬ್ಬೊಬ್ಬರಿಗೇ ಕಳಿಸಿದ ಲೆಕ್ಕ. ಐದು ಕಡೆ ಎಂದರೆ ಐದು ಗುಂಪೂ ಆಗಬಹುದು. ಆಗ ವಾಟ್ಸಾಪ್ ಗುಂಪಿನಲ್ಲಿ 256 ಮಂದಿ ಇರಬಹುದಿತ್ತು. ಕಳಿಸುವವನನ್ನು ಬಿಟ್ಟರೆ 255. ಐದು ತುಂಬಿದ ಗುಂಪಿಗೆ ಒಮ್ಮೆ ಒತ್ತಿದರೆ 1,275 ಫೋನು. ಆ 1,275 ಮಂದಿ ತಲಾ ಐದು ಗುಂಪಿಗೆ ಒತ್ತಿದರೆ 16,25,625. ಎರಡೇ ಸಲಕ್ಕೆ ಹೆಚ್ಚೂಕಡಿಮೆ ಇಡೀ ಬಾಗಲಕೋಟೆ ಜಿಲ್ಲೆ. ಮೂರನೇ ಸಲಕ್ಕೆ 207 ಕೋಟಿ ಮೀರಿ ಹೋಗುತ್ತದೆ. ವದಂತಿ ತಡೆಯಲು ಹಾಕಿದ ಐದರ ಬೇಲಿಯೊಳಗೇ ಇಷ್ಟು ಜಾಗವಿತ್ತು. ಕೊನೆಗೆ 2020ರ ಏಪ್ರಿಲಿನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬೇಕೆಂದು ಅವರು ಬಿಗಿ ಮಾಡಿದ್ದು ಸರಿಯಾಗಿಯೇ ಇತ್ತು. ಅದರಿಂದ ಅಂಥ ಸಂದೇಶಗಳ ಓಡಾಟ ಶೇಕಡ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿತು.

ನಿಜವಾದ ಊರಿನಲ್ಲಿ ಗುಣಾಕಾರ ಇಷ್ಟು ನೇರ ನಡೆಯುವುದಿಲ್ಲ. ಅಣ್ಣ, ತಮ್ಮ, ಅತ್ತಿಗೆ, ಮಾವ ಎಲ್ಲರೂ ಅದೇ ಅದೇ ಗುಂಪುಗಳಲ್ಲಿರುತ್ತಾರೆ. ಒಂದೇ ಸಂದೇಶ ಒಬ್ಬರಿಗೇ ಏಳೆಂಟು ಸಲ ಬರುತ್ತದೆ. ಬಹಳ ಮಂದಿ ನೋಡಿ, ನಕ್ಕು, ಫೋನು ಕಿಸೆಗೆ ಹಾಕುತ್ತಾರೆ. ಆದ್ದರಿಂದ ಕೇಳಬೇಕಾದದ್ದು ಸರಾಸರಿಯನ್ನು. ನೋಡಿದವರು ಸರಾಸರಿ ಒಬ್ಬರಿಗಿಂತ ಹೆಚ್ಚು ಮಂದಿಗೆ ದಾಟಿಸುತ್ತಾರೋ, ಕಡಿಮೆ ಮಂದಿಗೋ?

ನೂರು ಮಂದಿ ನೋಡಿದ ಒಂದು ತುಣುಕು ಅಂತಿಟ್ಟುಕೊಳ್ಳಿ. ಹತ್ತು ಮಂದಿ ಸೇರಿ ಒಂಬತ್ತು ಹೊಸಬರಿಗೆ ಮುಟ್ಟಿಸಿದರೆ, ನೂರು ತೊಂಬತ್ತಾಗುತ್ತದೆ, ತೊಂಬತ್ತು ಎಂಬತ್ತೊಂದಾಗುತ್ತದೆ, ನಲವತ್ತನಾಲ್ಕನೇ ಸುತ್ತಿಗೆ ನೋಡುವವರು ಒಬ್ಬರೂ ಉಳಿಯುವುದಿಲ್ಲ. ಒಟ್ಟು ನೋಡಿದವರು ಸಾವಿರ ಮೀರುವುದಿಲ್ಲ. ಅದೇ ಹತ್ತು ಮಂದಿ ಸೇರಿ ಹನ್ನೊಂದು ಹೊಸಬರಿಗೆ ಮುಟ್ಟಿಸಿದರೆ ನೂರನೇ ಸುತ್ತಿನಲ್ಲಿ ನೋಡುವವರು 13.78 ಲಕ್ಷ! ಹತ್ತು ಮಂದಿಯಲ್ಲಿ ಇಬ್ಬರು ಮನಸ್ಸು ಮಾಡಿದರೋ ಇಲ್ಲವೋ ಎಂಬಷ್ಟೇ ವ್ಯತ್ಯಾಸ. ಒಂದು ಕಡೆ ಸಾವಿರಕ್ಕೆ ಸಾವು, ಇನ್ನೊಂದು ಕಡೆ ಜಿಲ್ಲೆಗೆ ಜಿಲ್ಲೆಯೇ. ಆ ಚುನಾವಣೆಯಲ್ಲಿ ಸಾವಿರಾರು ಭಾಷಣ ನಡೆದವು, ಪ್ರತಿ ಭಾಷಣಕ್ಕೂ ನೂರಾರು ಕೂಗು ಎದ್ದವು. ಉಳಿದದ್ದು ಇದೊಂದು. ಇದು ಯಾಕೆ ಉಳಿಯಿತು?

ನನ್ನ ಉತ್ತರ ಇದು: 'ಹೌದು ಹುಲಿಯಾ' ಒಂದು ಜವಾಬು. ಅದರ ಮುಂದೆ ಯಾರ ಮಾತನ್ನು ಬೇಕಾದರೂ ಇಡಬಹುದು. ಮುಂದಿನ ತುದಿ ಖಾಲಿ, ಹಿಂದಿನ ತುದಿ ಗಟ್ಟಿ. ಮೇಷ್ಟ್ರು ಪಾಠ ಹೇಳಲಿ, ಸಿನಿಮಾ ನಾಯಕ ಡೈಲಾಗ್ ಹೊಡೆಯಲಿ, ಎಲ್‌ಕೆಜಿ ಕೂಸು ಮಗ್ಗಿ ಒಪ್ಪಿಸಲಿ, ಕೊನೆಗೆ ಆ ಒಂದು ಸೆಕೆಂಡಿನ ದನಿ ಅಂಟಿಸಿದರೆ ಹೊಸ ತುಣುಕು ತಯಾರು. ಟಿಕ್‌ಟಾಕಿನಲ್ಲಿ ನಡೆದದ್ದು ಅದೇ. ಟ್ರೋಲ್ ಪೇಜಿನವರು ಮಾಡಿದ್ದು ಅದೇ. ಡಿಜೆ ಹಾಡು ಕಟ್ಟುವವರು ಆ ದನಿಗೆ ತಾಳ ಕೂಡಿಸಿ ಗಣಪತಿ ಮೆರವಣಿಗೆಗೆ ಒಯ್ದರು. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಸಾಹುಕಾರರು ಸೀರೆ ಬಿಚ್ಚಿ, ಕೆಂಪು ಬಿಳಿ ಟೋಪ್ ತೆನಿ ಸೆರಗನ್ನು ಗಿರಾಕಿಯ ಮುಂದೆ ಹಾಸಿ, 'ಇದು ಕೈಮಗ್ಗದ ಮಾಲ್ರೀ, ಕೊಂಡಿ ಹಾಕಿ ನೇಯ್ದದ್ದು' ಅಂದರೆ, ಒಳಗೆ ಸೀರೆ ಮಡಚುತ್ತಿದ್ದ ಹುಡುಗ ಮೆತ್ತಗೆ 'ಹೌದು ಹುಲಿಯಾ' ಅನ್ನುತ್ತಾನೆ. ಗಿರಾಕಿಯೂ ನಗುತ್ತಾಳೆ, ಸಾಹುಕಾರರೂ ನಗುತ್ತಾರೆ. ಅಲ್ಲಿ ಸಿದ್ದರಾಮಯ್ಯನವರೂ ಇಲ್ಲ, ಚುನಾವಣೆಯೂ ಇಲ್ಲ, ಫೋನೂ ಇಲ್ಲ. ಮಾತು ಅವೆಲ್ಲವನ್ನೂ ಕಳಚಿಕೊಂಡು ತನ್ನ ಕಾಲ ಮೇಲೆ ತಾನು ನಿಂತಿದೆ.

ಹಿಂದಿನ ತುದಿ ಗಟ್ಟಿ, ಮುಂದಿನದು ಬಯಲು ಎಂಬ ಈ ಕಟ್ಟು ನಮ್ಮ ಸೀಮೆಗೆ ಹೊಸದಲ್ಲ. ಹುನಗುಂದ ತಾಲ್ಲೂಕಿನ ಕೂಡಲಸಂಗಮವನ್ನು ನೆನೆಯಿರಿ. ಬಸವಣ್ಣನವರ ಸುಮಾರು 1,400 ವಚನಗಳು ಸಿಕ್ಕಿವೆ. ಒಂದೊಂದರ ಹುರುಳೂ ಬೇರೆ. ಒಂದು ಅಳುತ್ತದೆ, ಒಂದು ಜಗಳಕ್ಕೆ ನಿಲ್ಲುತ್ತದೆ, ಒಂದು ಬೇಡುತ್ತದೆ. ಅಂಕಿತ ಮಾತ್ರ ಅದೇ ಸಂಗಮದ ದೇವರದು. ಕೃಷ್ಣೆ ಮಲಪ್ರಭೆ ಕೂಡುವ ಒಂದು ಊರಿನ ಹೆಸರು ಹೀಗೆ ವಚನದ ತುದಿಯಲ್ಲಿ ಕೂತು ಎಂಟುನೂರೈವತ್ತು ವರ್ಷ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ನಡೆದು ಬಂತು. ವಚನಕ್ಕೂ ಚುನಾವಣೆಯ ಕೂಗಿಗೂ ಬೆಲೆಯಲ್ಲಿ ಹೋಲಿಕೆ ಮಾಡಲು ನಾನು ಹೊರಟಿಲ್ಲ. ತುದಿ ಗಟ್ಟಿಯಾಗಿದ್ದರೆ ಮಾತು ದೂರ ಹೋಗುತ್ತದೆ ಎಂಬ ಗುಟ್ಟು ಈ ನೆಲಕ್ಕೆ ಬಹಳ ಹಿಂದೆಯೇ ಗೊತ್ತಿತ್ತು ಎಂಬುದಷ್ಟೇ ನನ್ನ ಮಾತು.

ಗೊತ್ತಿರಲೇಬೇಕು. ಯಾಕೆಂದರೆ ಬಡಗಣ ಕರ್ನಾಟಕದ ಮಂದಿ ಸುಮ್ಮನೆ ಕೂತು ಕೇಳುವವರಲ್ಲ. ಇಲ್ಲಿ ಕತೆ ಹೇಳುವ ಅಜ್ಜಿಗೆ ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಕತೆಯೂ ನಿಂತಿತು. ಗೀಗೀ ಮೇಳದಲ್ಲಿ ಮುಂದಿನವನು ಹಾಡಿದ್ದನ್ನು ಹಿಂದಿನವರು ಎತ್ತಿಕೊಳ್ಳದಿದ್ದರೆ ಪದ ನಡೆಯದು. ಹರದೇಶಿ ನಾಗೇಶಿ ಕಟ್ಟಿದರೆ ರಾತ್ರಿಯೆಲ್ಲ ಸವಾಲು ಜವಾಬು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಬನ್ನಿ. ತೇರು ಎಳೆದಾದ ಮೇಲೂ ತಿಂಗಳುಗಟ್ಟಲೆ ನಾಟಕ ಕಂಪನಿಗಳ ಥಿಯೇಟರು ನಿಂತಿರುತ್ತವೆ. ತಗಡಿನ ಗೋಡೆ, ಮುಂದೆ ಬಣ್ಣದ ಬೋರ್ಡು, ಹೊರಗೆ ಮೈಕಿನಲ್ಲಿ ಕರೆಯುವವನು. ಒಳಗೆ ಆಟ ನಡೆದಾಗ ಅರ್ಧ ಮಾತು ರಂಗದ ಮೇಲೆ, ಅರ್ಧ ಮಾತು ಕುರ್ಚಿಗಳಿಂದ. ಹಾಸ್ಯದವನು ಒಂದು ಮಾತು ಎಸೆದು ನಿಲ್ಲುತ್ತಾನೆ. ಹಿಂದಿನ ಸಾಲಿನಿಂದ ಯಾರೋ ಅದನ್ನು ಹಿಡಿದು ವಾಪಸ್ ಎಸೆಯುತ್ತಾರೆ. ಒಳ್ಳೆಯ ನಟ ಆ ಮಾತನ್ನೂ ಆಟದೊಳಗೆ ಎಳೆದುಕೊಂಡು ಮುಂದೆ ಹೋಗುತ್ತಾನೆ. ಒನ್ಸ್ ಮೋರ್ ಎಂದರೆ ಸತ್ತ ಪಾತ್ರವೂ ಎದ್ದು ಹಾಡಬೇಕು.

ಕಾಗವಾಡದ ಸಭೆಯಲ್ಲಿ ಆದದ್ದು ಇದೇ. ಹೂಂಗುಟ್ಟಿ ಬೆಳೆದ ನಾಡಿನ ಒಬ್ಬರು, ಭಾಷಣ ಎಂದು ಬಾಯಿ ಮುಚ್ಚಿಕೊಂಡು ಕೂಡಲಿಲ್ಲ. ಅಲ್ಲಿವರೆಗೆ ಇಂಥ ಜವಾಬು ಎಷ್ಟೋ ಲಕ್ಷ ಸಲ ಹುಟ್ಟಿ ಆ ರಾತ್ರಿಯೇ ಕರಗಿ ಹೋಗಿದ್ದವು. ಈ ಸಲ ಮಾತ್ರ ಫೋನಿನ ಕಿವಿ ತೆರೆದಿತ್ತು.

ಆ ಕಿವಿ ತೆರೆದದ್ದು ಕೂಡ ಭಯಂಕರ ವೇಗದಲ್ಲಿ. ಜಿಯೋ ಶುರುವಾದದ್ದು 2016ರ ಸೆಪ್ಟೆಂಬರ್ 5ಕ್ಕೆ. 170 ದಿನದಲ್ಲಿ 10 ಕೋಟಿ ಗಿರಾಕಿಗಳು. ಭಾಗಿಸಿದರೆ ದಿನಕ್ಕೆ 5.88 ಲಕ್ಷ, ಹಗಲು ರಾತ್ರಿ ಬಿಡದೆ ಸೆಕೆಂಡಿಗೆ ಹೆಚ್ಚೂಕಡಿಮೆ ಏಳು ಮಂದಿ. ಬಾದಾಮಿಯಷ್ಟು ದೊಡ್ಡ ಊರು ಒಂದೂಕಾಲು ತಾಸಿಗೊಂದರಂತೆ ಹೊಸದಾಗಿ ಬಂದು ಸೇರಿದ ಹಾಗೆ, ಐದೂವರೆ ತಿಂಗಳು. ಮೂರು ವರ್ಷ ಕಳೆದು ಕಾಗವಾಡದಲ್ಲಿ ಕೂಗು ಎದ್ದಾಗ, ಅದನ್ನು ಹಿಡಿಯಲು ಹೊಲದ ಬದುವಿನ ಮೇಲೂ ಫೋನಿತ್ತು. 2020ರ ಕೊನೆಗೆ ವಾಟ್ಸಾಪಿನಲ್ಲಿ ಜಗತ್ತಿನಾದ್ಯಂತ ದಿನಕ್ಕೆ 10,000 ಕೋಟಿ ಸಂದೇಶ ಓಡಾಡುತ್ತಿದ್ದವು. ಸೆಕೆಂಡಿಗೆ ಸುಮಾರು 11.6 ಲಕ್ಷ. 'ಹೌದು ಹುಲಿಯಾ' ಎಂದು ಎರಡು ಸಲ ಕೂಗುವುದರೊಳಗೆ ಬಾಗಲಕೋಟೆ ಜಿಲ್ಲೆಯ ಪ್ರತಿಯೊಬ್ಬರ ಪಾಲಿಗೂ ಒಂದೊಂದು ಸಂದೇಶ ಹೋಗಿ ಮುಟ್ಟುವಷ್ಟು.

ಒಂದು ಮಾತು ಹೀಗೆ ಹಬ್ಬುವುದು ನಮ್ಮಲ್ಲಿ ಮಾತ್ರ ಆದದ್ದೂ ಅಲ್ಲ. 2007ರ ನವೆಂಬರ್ 10ಕ್ಕೆ ಚಿಲಿಯ ಸಾಂಟಿಯಾಗೋ ನಗರದಲ್ಲಿ ಸ್ಪೇನಿನ ದೊರೆ ಹ್ವಾನ್ ಕಾರ್ಲೋಸ್, ನಡುನಡುವೆ ಬಾಯಿ ಹಾಕುತ್ತಿದ್ದ ವೆನೆಜುವೆಲಾದ ಅಧ್ಯಕ್ಷ ಹ್ಯೂಗೋ ಚಾವೆಜ್ ಕಡೆ ತಿರುಗಿ, 'ಪೋರ್ ಕೆ ನೋ ತೆ ಕಾಯಾಸ್' ಅಂದುಬಿಟ್ಟರು. ಬಾಯಿ ಮುಚ್ಚಬಾರದಾ ಎಂಬ ಸಿಟ್ಟಿನ ಮಾತು, ಅದೂ ಏಕವಚನದಲ್ಲಿ. ಆಗಿನ್ನೂ ವಾಟ್ಸಾಪ್ ಹುಟ್ಟಿರಲಿಲ್ಲ. ಜನ ಅದನ್ನು ಫೋನಿನ ರಿಂಗ್‌ಟೋನ್ ಮಾಡಿಕೊಂಡರು. ಇಳಿಸಿಕೊಂಡವರು ಸುಮಾರು 5 ಲಕ್ಷ ಮಂದಿ. ಸ್ಪ್ಯಾನಿಶ್ ತಾಯ್ನುಡಿಯಾದವರು ಕನ್ನಡಿಗರ ಹತ್ತು ಪಟ್ಟಿಗಿಂತ ಹೆಚ್ಚು, ಇಪ್ಪತ್ತು ದೇಶಗಳಲ್ಲಿ ಹರಡಿಕೊಂಡವರು. ಅದೇ ಸ್ಪೇನಿನ ಸೆವಿಲ್ಲೆಯ ಹಾಸ್ಯಗಾರ ಹ್ವಾನ್ ಹೋಯಾ ಬೋರ್ಹಾ ಟಿವಿಯಲ್ಲಿ ಕೂತು, ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಇಪ್ಪತ್ತು ದೊಡ್ಡ ಬಾಣಲೆ ನೆನೆಯಲೆಂದು ರಾತ್ರಿ ಸಮುದ್ರದಲ್ಲಿಟ್ಟು ಬಂದು, ಬೆಳಗ್ಗೆ ನೋಡಿದರೆ ಒಂದೇ ಉಳಿದಿತ್ತು ಎಂದು ಹೇಳುತ್ತಾ ಉಸಿರುಗಟ್ಟಿ ನಕ್ಕರು. ಆ ನಗುವಿನ ಕೆಳಗೆ ಯಾರು ಯಾರೋ ತಮ್ಮ ತಮ್ಮ ನುಡಿಯಲ್ಲಿ ಬೇರೆ ಬೇರೆ ಮಾತು ಬರೆದು ಅಂಟಿಸಿದರು. ಈಜಿಪ್ಟಿನವರು ತಮ್ಮ ರಾಜಕೀಯ ಬರೆದರು, 2015ರಲ್ಲಿ ಯಾರೋ ಹೊಸ ಲ್ಯಾಪ್‌ಟಾಪಿನ ಸುದ್ದಿ ಬರೆದರು. ಬೋರ್ಹಾ 2021ರಲ್ಲಿ ತೀರಿಕೊಂಡರು. ನಗು ಇನ್ನೂ ತಿರುಗುತ್ತಿದೆ. ಅಲ್ಲಿಯೂ ಕಟ್ಟು ಅದೇ: ಒಂದು ಕಡೆ ಗಟ್ಟಿ, ಒಂದು ಕಡೆ ಖಾಲಿ.

ಬಾದಾಮಿಯಲ್ಲೇ ಇದಕ್ಕಿಂತ ಬಹಳ ಹಳೆಯ ಒಂದು ಮಾತಿದೆ. ಊರ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದು. ಹತ್ತು ಸಾಲು. ಕನ್ನಡದಲ್ಲಿ ಸಿಕ್ಕಿರುವ ಮೊದಲ ತ್ರಿಪದಿಗಳು ಅದರಲ್ಲಿವೆ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕಲಿಯುಗಕ್ಕೇ ಎದುರಾದವನು ಎಂದು ಆ ವೀರನನ್ನು ಅದು ಕೊಂಡಾಡುತ್ತದೆ. ಊರವನೊಬ್ಬನನ್ನು 'ಹುಲಿಯಾ' ಎಂದು ಹೊಗಳಿದಂತೆಯೇ. ಕೆತ್ತಿದ ಮೇಲೆ ಅದು ಬಂಡೆ ಬಿಟ್ಟು ಕದಲಲಿಲ್ಲ. ಓದಬೇಕಾದವರು ಅಲ್ಲಿಗೇ ಹೋಗಬೇಕಿತ್ತು. ಶಾಸನತಜ್ಞ ಜೆ. ಎಫ್. ಫ್ಲೀಟ್ ಅದನ್ನು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದು 1881ರಲ್ಲಿ. ಬಂಡೆಯಿಂದ ಕಾಗದಕ್ಕೆ ಬರಲು ಸುಮಾರು 1,180 ವರ್ಷ. ಈಗ ಅದೇ ಸಾಲು ಹುಡುಗರ ಟಿ-ಶರ್ಟಿನ ಮೇಲಿದೆ, ಸ್ಟೇಟಸ್ಸಿನಲ್ಲಿದೆ. ಕೆತ್ತಿದವನಿಗೆ ಒಬ್ಬ ಓದುಗ ಸಿಗಲು ಹಿಡಿದಷ್ಟು ಹೊತ್ತಿನಲ್ಲಿ ಇವತ್ತು ಒಂದು ತಾಲ್ಲೂಕು ಓದಿ ಮುಗಿಸುತ್ತದೆ.

ಇಷ್ಟೆಲ್ಲ ಹಬ್ಬಿದ ಕೂಗಿನಿಂದ ಮತ ಬಂತೇ? ಇಲ್ಲ. ಇದನ್ನು ಅಂಕಿಗಳೇ ಹೇಳುತ್ತವೆ. 2018ರಲ್ಲಿ ಬಾದಾಮಿಯಲ್ಲಿ ಸಿದ್ದರಾಮಯ್ಯನವರಿಗೆ ಬಂದದ್ದು 67,599 ಮತ, ಎದುರಾಳಿ ಬಿ. ಶ್ರೀರಾಮುಲು ಅವರಿಗೆ 65,903. ಗೆಲುವಿನ ಅಂತರ 1,696. ಐದರ ಗುಣಾಕಾರದಲ್ಲಿ ಐದನೇ ಸಲಕ್ಕೇ ದಾಟಿಹೋಗುವ ಅಂಕಿ ಅದು. ಆಗ ಯಾವ ಕೂಗೂ ಹುಟ್ಟಿರಲಿಲ್ಲ.  2019ರಲ್ಲಿ ಕೂಗು ನಾಡೆಲ್ಲ ಮೊಳಗುತ್ತಿರುವಾಗ ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಮತದಾನವಾಯಿತು. 9ಕ್ಕೆ ಫಲಿತಾಂಶ: ಬಿಜೆಪಿ 12, ಕಾಂಗ್ರೆಸ್ 2, ಪಕ್ಷೇತರ 1. ಕೂಗು ಹುಟ್ಟಿದ ಕಾಗವಾಡದಲ್ಲೇ ಕಾಂಗ್ರೆಸ್ಸಿನ ರಾಜು ಕಾಗೆ ಸೋತರು, ಬಿಜೆಪಿಯ ಶ್ರೀಮಂತ ಪಾಟೀಲ ಗೆದ್ದರು. ಅದೇ ದಿನ ಸಿದ್ದರಾಮಯ್ಯ ಶಾಸಕಾಂಗ ಪಕ್ಷದ ನಾಯಕತ್ವಕ್ಕೆ ರಾಜೀನಾಮೆ ಪತ್ರ ಕಳಿಸಿದರು. ಕೋಟಿ ಸಲ ಕೇಳಿಸಿದ ಮಾತೂ ಮತಗಟ್ಟೆಯೊಳಗೆ ಒಂದು ಬೆರಳನ್ನು ಅತ್ತಿತ್ತ ಸರಿಸುತ್ತದೆಂದು ಹೇಳಲಾಗದು. ಕೂಗು ಮಾತ್ರ ಸೋಲಲಿಲ್ಲ. 2023ರ ಮೇ 20ಕ್ಕೆ ಅವರು ಎರಡನೇ ಸಲ ಮುಖ್ಯಮಂತ್ರಿಯಾದಾಗ, ಬಾದಾಮಿ ಬಿಟ್ಟು ವರುಣಾಕ್ಕೆ ಹೋಗಿದ್ದರೂ, ಅಭಿಮಾನಿಗಳ ಬಾಯಲ್ಲಿ ಈ ಕಡೆಯ ಆ ಎರಡು ಪದ ಹಾಗೇ ಉಳಿದಿದ್ದವು. ಮೈಸೂರು ಸೀಮೆಯವರು ಬಡಗಣ ಮಾತಿನಲ್ಲಿ ತಮ್ಮ ನಾಯಕನನ್ನು ಕೊಂಡಾಡಿದರು. ಯಾವ ಪಠ್ಯಪುಸ್ತಕವೂ ನಮ್ಮ ಮಾತನ್ನು ಅಲ್ಲಿಗೆ ಇಷ್ಟು ಬೇಗ ಒಯ್ದಿರಲಿಲ್ಲ. ಬಾಗಲಕೋಟೆ, ಬೆಳಗಾವಿ ಕಡೆಯ ಮಾತನ್ನು ಸಿನಿಮಾದಲ್ಲಿ ನಗಿಸಲಿಕ್ಕಷ್ಟೇ ಇಟ್ಟಿದ್ದ ಕಾಲ ನೋಡಿದವನಿಗೆ ಇದು ಸಣ್ಣ ಸಂತೋಷವಲ್ಲ.

ನನ್ನ ಚಿಂತೆ ಬೇರೆಯದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕೂ ಇತ್ತು. ಆಗ ದೇಶದಲ್ಲಿ ಅದನ್ನು ಬಳಸುತ್ತಿದ್ದವರು ಸುಮಾರು 20 ಕೋಟಿ ಮಂದಿ. 'ಹೌದು ಹುಲಿಯಾ' ಎಂಬ ಒಂದು ಸೆಕೆಂಡಿನ ದನಿಗೆ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರು ಕಟ್ಟಿದ ಆಟಗಳು, ಹೊಲದಲ್ಲಿ, ಟ್ರ್ಯಾಕ್ಟರ್ ಮೇಲೆ, ಮಗ್ಗದ ಮುಂದೆ ಕೂತು ಮಾಡಿದ ತುಣುಕುಗಳು ಆ ವಾರವೇ ಕಣ್ಣಿಗೆ ಬೀಳದಂತಾದವು. ಕಪ್ಪೆ ಅರಭಟ್ಟನ ಹತ್ತು ಸಾಲು 1,300 ವರ್ಷ ಬಿಸಿಲು ಮಳೆ ತಡೆದು ನಿಂತಿವೆ. ಇವುಗಳ ಆಯುಷ್ಯ ಏಳು ತಿಂಗಳು.

ಉಳಿಸಿಕೊಳ್ಳಬೇಕೆಂದರೆ ಲೆಕ್ಕ ಕಷ್ಟದ್ದಲ್ಲ. ಇಪ್ಪತ್ತು ಸೆಕೆಂಡಿನ ಒಂದು ತುಣುಕಿಗೆ 2 ಎಂಬಿ ಎಂದಿಟ್ಟುಕೊಳ್ಳಿ. ಅಂಗೈಯಗಲದ 1 ಟಿಬಿ ಡಿಸ್ಕಿನಲ್ಲಿ ಅಂಥ 5 ಲಕ್ಷ ತುಣುಕು ಹಿಡಿಯುತ್ತವೆ. ಅದರ ಬೆಲೆ ಒಂದು ಒಳ್ಳೆಯ ಇಳಕಲ್ ರೇಷ್ಮೆ ಸೀರೆಯ ಬೆಲೆಯ ಆಜೂಬಾಜು. ಒಂದೊಂದರ ಪಕ್ಕ ಯಾವ ಊರು, ಯಾವ ಜಾತ್ರೆ, ಯಾವ ದಿನ, ಕೂಗಿದವರು ಒಪ್ಪಿದರೆ ಅವರ ಹೆಸರು, ಇಷ್ಟು ಬರೆದಿಡಬೇಕು. ಗೀಗೀ ಪದ, ಡೊಳ್ಳಿನ ಹಾಡು ಕೂಡಿಸಲು ನಮ್ಮ ಹಿರಿಯರು ಟೇಪ್ ರೆಕಾರ್ಡರ್ ಹೊತ್ತು ಊರೂರು ತಿರುಗಿದರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ; ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಅವರು ಬನಶಂಕರಿ ಜಾತ್ರೆಯ ನಾಟಕದ ಥಿಯೇಟರಿನಲ್ಲಿ ಒಂದು ಮೈಕನ್ನು ರಂಗದ ಕಡೆಗೆ ಇಟ್ಟು, ಇನ್ನೊಂದನ್ನು ಮಂದಿಯ ಕಡೆಗೆ ತಿರುಗಿಸಿ ಇಡಲಿ. ಬರುವ ಬನದ ಹುಣ್ಣಿಮೆಯಿಂದಲೇ ಶುರು ಮಾಡಬಹುದು.